ಜಾಜಮ್ಮನ ಪ್ಲೇಟು

“ರಾಜಾಪಾರ್ಟಿನೋನ ಮುಂದೆ ನಿಮ್ಮ ಪಿಟೀಲು ಏನೂ ಅಲ್ಲ ಕಣೇ,” ಎಂದಳು ಗಂಗಾಂಬಿಕೆ. “ಅವನು ಒಂದ್ಸಲ ದನಿ ಎತ್ತಿದ್ರೆ ಓಟ್ಲಲ್ಲಿ ಕಾಫಿ ಕುಡಿಯೋರೆಲ್ಲ ಲೋಟ ಕೆಳಗಿಡ್ತಾರೆ.”

“ಕಿವಿ ಮುಚ್ಕೊಳೋಕೆ ಇಡ್ತಾರೆ,” ಎಂದಳು ಪ್ರೇಮಕುಮಾರಿ. “ಪಿಟೀಲಿನ ಪ್ಲೇಟು ಕೇಳು. ಮಲಗಿರೋ ಮಗೂನೂ ಏಳಲ್ಲ.”

“ಅಂಗಾದ್ರೆ ಅದು ಜೋಗುಳ ಬಿಡು.”

ಚನ್ನರಾಯಪಟ್ಟಣದ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಆಟದ ಬೆಲ್ಲು ಹೊಡೆದರೆ ಸಾಕು, ಹುಣಸೆ ಮರದ ಕೆಳಗೆ ಈ ಜಗಳ ಶುರುವಾಗುತ್ತಿತ್ತು. ಗಂಗಾಂಬಿಕೆಯ ಮನೆ ಕಾಫಿ ಹೋಟೆಲಿನ ಎದುರಿಗೇ ಇತ್ತು. ಆ ಹೋಟೆಲಿನ ಗ್ರಾಮಫೋನು ಬೆಳಗಿನಿಂದ ನಾಟಕದಲ್ಲಿ ರಾಜನ ವೇಷ ಹಾಕುವ ರಾಜಾಪಾರ್ಟಿನವನ ಪ್ಲೇಟು ಹಾಡುತ್ತಿತ್ತು. ಪ್ರೇಮಕುಮಾರಿಯ ಅಪ್ಪ ಕೊಬ್ಬರಿ ಮಂಡಿಯ ಪರಮಶಿವಯ್ಯನವರು. ಅವರ ಮನೆಯಲ್ಲಿ ಸ್ವಂತ ಗ್ರಾಮಫೋನೂ ಪಿಟೀಲಿನ ಪ್ಲೇಟುಗಳೂ ಇದ್ದವು.

ಇಬ್ಬರ ನಡುವೆ ನೀಲಾಂಬಿಕೆ ಕುಳಿತು ಹುರಿಗಾಳು ತಿನ್ನುತ್ತಿದ್ದಳು. ಅವಳ ಮನೆ ದೂರದಲ್ಲಿ, ಕೆರೆ ಏರಿಯ ಹತ್ತಿರ. ಅಲ್ಲಿ ಹಾಡುವುದು ಕಪ್ಪೆಗಳು ಮಾತ್ರ.

“ನಿಂಗೆ ಯಾರು ಇಷ್ಟ? ನೀನು ಬಾಯೇ ಬಿಡಲ್ಲವಲ್ಲ,” ಎಂದಳು ಪ್ರೇಮಕುಮಾರಿ ಅವತ್ತು.

ನೀಲಾಂಬಿಕೆಗೆ ಹಬ್ಬಕ್ಕೆ ಬಂದಿದ್ದ ಮಂಚಯ್ಯ ಮಾವನ ಮಾತು ನೆನಪಾಯಿತು. ಮಾವ ಬೆಂಗಳೂರಿನ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಒಂದು ಅಂಗಡಿಯ ಕೆಲಸದಲ್ಲಿದ್ದ. ಯುದ್ಧಕ್ಕೆಂದು ಬಂದ ಸೋಲ್ಜರುಗಳೆಲ್ಲ ಪ್ಲೇಟಿನ ಅಂಗಡಿಗೆ ನುಗ್ಗಿ ‘ಜಾಜ್, ಜಾಜ್’ ಎಂದು ಕೇಳುತ್ತಾರೆ ಎಂದಿದ್ದ. ಅದು ಏನು, ಯಾರು ಎಂದು ಅವಳು ವಿಚಾರಿಸಿರಲಿಲ್ಲ.

“ನಂಗೆ ಜಾಜಮ್ಮ,” ಎಂದಳು.

“ಯಾವ ಜಾಜಮ್ಮ?”

“ಬೆಂಗ್ಳೂರಿನೋಳು. ಸೋಲ್ಜರುಗಳು ಅವಳ ಪ್ಲೇಟು ಬಿಟ್ಟು ಬೇರೆ ಮುಟ್ಟಲ್ಲ.”

ಇಬ್ಬರೂ ಜಗಳ ನಿಲ್ಲಿಸಿ ಅವಳನ್ನೇ ನೋಡಿದರು. ನೀಲಾಂಬಿಕೆಯನ್ನು ಯಾರೂ ಯಾವತ್ತೂ ಹಾಗೆ ನೋಡಿರಲಿಲ್ಲ.

ಅಲ್ಲಿಂದ ಜಾಜಮ್ಮ ಬೆಳೆಯತೊಡಗಿದಳು. ಮರುದಿನ ಅವಳಿಗೆ ಮೂಗುಬೊಟ್ಟು ಬಂತು. ಆಮೇಲೆ ಕೆಂಪು ಪಟ್ಟೆಸೀರೆ ಬಂತು. ದನಿಯಂತೂ ಜೇನುತುಪ್ಪ. ಪಿಟೀಲೋ ರಾಜಾಪಾರ್ಟೋ ಎಂಬ ಜಗಳ ಹತ್ತಿದಾಗಲೆಲ್ಲ ನೀಲಾಂಬಿಕೆ, “ಜಾಜಮ್ಮನ ಹತ್ರ ಇಬ್ಬರೂ ಕಲೀಬೇಕು,” ಎಂದು ತೀರ್ಪು ಕೊಡುತ್ತಿದ್ದಳು. ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ಒಂದು ಶನಿವಾರ ಪ್ರೇಮಕುಮಾರಿ ಓಡುತ್ತಾ ಬಂದಳು. “ಅಪ್ಪಾಜಿ ಬೆಂಗ್ಳೂರಿಂದ ಬಂದ್ರು. ಜಾಜಮ್ಮನ ಪ್ಲೇಟು ತಂದವ್ರೆ. ನಾಳೆ ಮಧ್ಯಾಹ್ನ ಇಬ್ರೂ ಬನ್ನಿ.”

ನೀಲಾಂಬಿಕೆಗೆ ಮೊದಲು ಸಂತೋಷವೇ ಆಯಿತು. ಪರವಾಗಿಲ್ಲ, ಜಾಜಮ್ಮ ಇದ್ದಾಳೆ ಅನ್ನಿಸಿತು. ಮನೆಗೆ ಹೋಗುವ ಹೊತ್ತಿಗೆ ಮೂಗುಬೊಟ್ಟು, ಕೆಂಪು ಸೀರೆ ಎಲ್ಲ ತಾನೇ ಕಟ್ಟಿದ್ದು ಎಂಬುದು ನೆನಪಾಯಿತು. ಭಾನುವಾರ ಜ್ವರ ಬಂದಿದೆ ಎಂದು ಮುಸುಕು ಹಾಕಿ ಮಲಗಿದಳು. ಅವ್ವ ಹಣೆ ಮುಟ್ಟಿ ನೋಡಿ, “ಜ್ವರಾನೂ ಇಲ್ಲ, ಏನೂ ಇಲ್ಲ. ಕರೆದವ್ರೆ, ಓಗ್ಬುಟ್ಟು ಬಾ,” ಎಂದು ತಲೆ ಬಾಚಿ ಕಳಿಸಿದಳು.

ಪರಮಶಿವಯ್ಯನವರ ನಡುಮನೆಯಲ್ಲಿ ಜಮಖಾನ ಹಾಸಿತ್ತು. ಪ್ರೇಮಕುಮಾರಿಯ ಅಜ್ಜಿ ಶಿವಗಂಗಮ್ಮ ಕಂಬಕ್ಕೆ ಒರಗಿ ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಗಂಗಾಂಬಿಕೆ ಆಗಲೇ ಮುಂದಿನ ಜಾಗ ಹಿಡಿದಿದ್ದಳು.

ಪರಮಶಿವಯ್ಯ ಪ್ಲೇಟನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು. “ಜೆ, ಎ, ಜೆಡ್, ಜೆಡ್. ಅಮ್ಮ ಅಂತ ಇಲ್ವಲ್ಲ ಮಗ.”

“ಇಂಗ್ಲೀಷ್ನಲ್ಲಿ ಅಮ್ಮ ಅಂತ ಬರೆಯಲ್ಲ ದೊಡ್ಡಪ್ಪ,” ಎಂದಳು ನೀಲಾಂಬಿಕೆ. ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು.

“ಅದೂ ಸರಿ,” ಎಂದು ಅವರು ಗ್ರಾಮಫೋನಿಗೆ ಕೀ ಕೊಟ್ಟರು. ಪ್ಲೇಟಿನ ಮೇಲೆ ಇಡುವ ಉಕ್ಕಿನ ಮುಳ್ಳು ಯುದ್ಧದ ದೆಸೆಯಿಂದ ಸಿಗುತ್ತಲೇ ಇರಲಿಲ್ಲ. ಡಬ್ಬಿಯಿಂದ ಒಂದೇ ಒಂದನ್ನು ತೆಗೆದು, “ಒಂದೇ ಸಲ ಹಾಕೋದು. ಸರಿಯಾಗಿ ಕೇಳ್ಕೊಳಿ,” ಎಂದರು.

ಪ್ಲೇಟು ತಿರುಗಿತು. ಪೇಂ ಎಂದು ಒಂದು ತುತ್ತೂರಿ ಎದ್ದಿತು. ಅದರ ಹಿಂದೆಯೇ ಡಬಡಬ, ಝಣಝಣ.

ಅಜ್ಜಿ ಅಡಿಗೆಮನೆಯ ಕಡೆ ಕತ್ತು ತಿರುಗಿಸಿ, “ಯಾರವ್ವಾ ಪಾತ್ರೆ ಬೀಳಿಸಿದ್ದು?” ಎಂದರು.

“ಪ್ಲೇಟು ಅಜ್ಜಿ, ಪ್ಲೇಟು,” ಎಂದಳು ಪ್ರೇಮಕುಮಾರಿ.

ತುತ್ತೂರಿ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಗಂಗಾಂಬಿಕೆ ಪಿಸುಗುಟ್ಟಿದಳು, “ಜಾಜಮ್ಮ ಎಲ್ಲೇ?”

“ಈಗ ಬತ್ತಾಳೆ,” ಎಂದಳು ನೀಲಾಂಬಿಕೆ.

ಇನ್ನಷ್ಟು ತುತ್ತೂರಿ ಆಯಿತು. ಬತ್ತಿ ಹೊಸೆಯುವುದನ್ನು ಬಿಟ್ಟು ಅಜ್ಜಿಯೂ ಕಾಯುತ್ತಿದ್ದರು. “ಸೀರೆ ಉಡ್ತಾವಳೋ ಏನೋ,” ಎಂದರು.

ಆಗ ಹಾಡು ಬಂತು. ಜೇನುತುಪ್ಪವಲ್ಲ. ದಪ್ಪನೆಯ, ಒರಟಾದ ಗಂಡಸಿನ ದನಿ. ಬೀಸುವ ಕಲ್ಲಿಗೆ ರಾಗಿ ಹಾಕಿದ ಹಾಗಿತ್ತು.

ಎಲ್ಲರೂ ನೀಲಾಂಬಿಕೆಯ ಕಡೆ ನೋಡಿದರು.

“ನೆಗಡಿ ಆಗಿರ್ಬೇಕು,” ಎಂದಳು ನೀಲಾಂಬಿಕೆ.

ಅಜ್ಜಿ ಇನ್ನೊಂದು ಗಳಿಗೆ ಕಿವಿಗೊಟ್ಟು ಕೇಳಿದರು. “ನಿಮ್ಮ ಜಾಜಮ್ಮಂಗೆ ಮೀಸೆ ಐತೆ ಕಣವ್ವ,” ಎಂದರು.

ಗಂಗಾಂಬಿಕೆ ನಕ್ಕು ನಕ್ಕು ಜಮಖಾನದ ಮೇಲೆ ಉರುಳಿದಳು. ಪ್ಲೇಟು ಮುಗಿದು ಕರಕರ ಎಂದಿತು. ನೀಲಾಂಬಿಕೆಗೆ ಕಿವಿಯೆಲ್ಲ ಬಿಸಿಯಾಯಿತು.

“ನಾನು ಜಾಜಮ್ಮನ್ನ ಕೇಳೇ ಇಲ್ಲ,” ಎಂದಳು ನೆಲ ನೋಡುತ್ತಾ. “ಯಾವ ಪ್ಲೇಟೂ ಕೇಳಿಲ್ಲ. ನೀವಿಬ್ರೂ ಮಾತಾಡ್ತಿದ್ರಿ. ನಂಗೇನೂ ಇರ್ಲಿಲ್ಲ. ಅದಕ್ಕೇ ಅಂದೆ.”

ಪ್ರೇಮಕುಮಾರಿಗೆ ನಗು ಬರಲಿಲ್ಲ. “ಅಪ್ಪಾಜಿ ದಂಡೆಲ್ಲ ಸುತ್ತಿದ್ರು ಕಣೇ, ನಿನ್ನ ಮಾತು ಕೇಳ್ಕೊಂಡು.”

ಪರಮಶಿವಯ್ಯ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. “ಜಾಜಮ್ಮನ ಪ್ಲೇಟು ಐತಾ ಅಂತ ಅಂಗಡಿಯೋನ್ನ ಕೇಳ್ದೆ ಕಣಮ್ಮ. ಅವನು, ಓ ಜಾಜಮ್ಮನಾ, ಬಾಳ ಫೇಮಸ್ಸು ಸ್ವಾಮಿ ಅಂದ.”

“ನೀವೇನಂದ್ರಿ ಅಪ್ಪಾಜಿ?”

“ನಾನಾ?” ಅವರು ಕನ್ನಡಕ ಮೂಗಿಗೇರಿಸಿದರು. “ನಮ್ಮೂರಲ್ಲೂ ಮನೆ ಮನೇಲಿ ಅವಳದೇ ಹಾಡು ಅಂದ್ಬುಟ್ಟೆ.”

ಅಜ್ಜಿಯ ಭುಜ ಕುಲುಕಿತು. ಪ್ರೇಮಕುಮಾರಿ ತುಟಿ ಬಿಗಿಹಿಡಿದು ನೋಡಿದಳು, ಆಗಲಿಲ್ಲ. ನಗುತ್ತಾ ಬಂದು ನೀಲಾಂಬಿಕೆಯ ಪಕ್ಕದಲ್ಲೇ ಕುಳಿತಳು. “ಈಗ ಕೇಳಿದೆಯಲ್ಲ. ಹೆಂಗಿತ್ತು, ಅದನ್ನಾದ್ರೂ ನಿಜವಾಗಿ ಹೇಳು.”

ನೀಲಾಂಬಿಕೆ ಯೋಚಿಸಿದಳು. ಭಯದಲ್ಲಿ ಅವಳಿಗೆ ಏನೂ ಕಿವಿಗೆ ಬಿದ್ದೇ ಇರಲಿಲ್ಲ. “ಇನ್ನೊಂದ್ಸಲ ಹಾಕಿದ್ರೆ ಹೇಳ್ತೀನಿ.”

“ಮುಳ್ಳು ಸವೀತದೆ,” ಎಂದರು ಪರಮಶಿವಯ್ಯ.

“ಸವೀಲಿ. ಮೀಸೆಯೋನ್ನ ನಾನೂ ಇನ್ನೊಂದ್ಸಲ ಕೇಳ್ತೀನಿ,” ಎಂದರು ಅಜ್ಜಿ.

ಈ ಸಲ ನೀಲಾಂಬಿಕೆ ಕಣ್ಣು ಮುಚ್ಚಿ ಕುಳಿತಳು. ತುತ್ತೂರಿ ಅವಳಿಗೆ ಅಷ್ಟು ಹಿಡಿಸಲಿಲ್ಲ. ಆದರೆ ಅದರ ಅಡಿಯಲ್ಲಿ, ಎಲ್ಲೋ ಆಳದಲ್ಲಿ, ಏನೋ ದುಂ ದುಂ ಎಂದು ನಡೆಯುತ್ತಿತ್ತು. ಮೇಲಿನವರು ಎಷ್ಟು ಗಲಾಟೆ ಮಾಡಿದರೂ ಅದು ತನ್ನ ಪಾಡಿಗೆ ನಡೆಯುತ್ತಲೇ ಇತ್ತು. ಅವಳ ಕಾಲ್ಬೆರಳೂ ಅದರ ಜೊತೆ ಅಲ್ಲಾಡಿತು.

“ಕೆಳಗೆ ದುಂ ದುಂ ಅಂತೈತಲ್ಲ, ಅದು ನಂಗೆ ಇಷ್ಟ ಆಯ್ತು,” ಎಂದಳು.

“ಎಲ್ಲೈತೆ? ನಂಗೆ ಕೇಳಿಸ್ತಿಲ್ಲ,” ಎಂದಳು ಗಂಗಾಂಬಿಕೆ.

ನೀಲಾಂಬಿಕೆ ಅವಳ ಕೈ ಹಿಡಿದು ಗ್ರಾಮಫೋನಿನ ಪೆಟ್ಟಿಗೆಯ ಮೇಲೆ ಇಟ್ಟಳು. ಗಂಗಾಂಬಿಕೆ ಉಸಿರು ಬಿಗಿಹಿಡಿದು ನಿಂತಳು. ನಿಧಾನವಾಗಿ ಅವಳ ತಲೆ ದುಂ ದುಂ ಎಂದು ತೂಗಿತು. ಪ್ರೇಮಕುಮಾರಿಯೂ ಎದ್ದು ಬಂದು ತನ್ನ ಕೈ ಇಟ್ಟಳು.

ಹಾಡು ಮುಗಿಯಿತು. ಪರಮಶಿವಯ್ಯ ಪ್ಲೇಟನ್ನು ಮಗುಚಿ ಹಾಕುತ್ತಾ ನೀಲಾಂಬಿಕೆಯನ್ನು ಓರೆಗಣ್ಣಿನಲ್ಲಿ ನೋಡಿದರು. “ಈ ಕಡೆ ಹಾಡು ಹೆಂಗಿರ್ತದೆ ಮಗ?”

ಎಲ್ಲರೂ ಅವಳ ಬಾಯನ್ನೇ ನೋಡಿದರು.

“ಗೊತ್ತಿಲ್ಲ ದೊಡ್ಡಪ್ಪ,” ಎಂದಳು ನೀಲಾಂಬಿಕೆ. ಅಷ್ಟು ಸಲೀಸಾಗಿ ಆ ಮಾತು ಬಂದದ್ದು ಕಂಡು ಅವಳಿಗೇ ಆಶ್ಚರ್ಯವಾಯಿತು. “ಹಾಕಿ, ಕೇಳಣ.”