ಬೀಜ ಕಟ್ಟಿದ ಕಣಿವೆ

ಸೆಪ್ಟೆಂಬರ್ ಹತ್ತೊಂಬತ್ತರ ಬೆಳಿಗ್ಗೆ ಟಾಲೋ ಕ್ರೀಕ್ ಶೆರಿಫ್ ಠಾಣೆಯ ಬಾಗಿಲು ಆಗಷ್ಟೇ ತೆರೆದಿತ್ತು. ಎಪ್ಪತ್ತು ದಾಟಿದ ಮೇವಿಸ್ ಕಾರ್ಮೊಡಿ ಕೋಲೂರಿಕೊಂಡು ಒಳಗೆ ಬಂದು, ಒಂದು ಗಾಂಜಾ ಟೊಂಗೆಯನ್ನು ಸಾರ್ಜೆಂಟ್ ನೆಲ್ ಟಿಶೇರಾಳ ಮೇಜಿನ ಮೇಲೆ ದೊಪ್ಪೆಂದು ಹಾಕಿದಳು.

"ದೂರು ಬರ್ಕೋ, ನೆಲ್ಲಿ."

"ಏನಾಯ್ತು ಮೇವಿಸಮ್ಮ?"

"ಕಣ್ಣಿಲ್ವಾ? ಬಿಡಿಸಿ ನೋಡು."

ನೆಲ್ ಹೂವಿನ ಗೊಂಚಲನ್ನು ಉಗುರಿನಿಂದ ಸೀಳಿದಳು. ಒಳಗೆಲ್ಲ ಬೀಜ. ಮೆಣಸಿನ ಕಾಳಿಗಿಂತ ಚಿಕ್ಕವು, ಒತ್ತೊತ್ತಾಗಿ ಕೂತಿದ್ದವು.

ಕ್ಯಾಲಿಫೋರ್ನಿಯಾದ ಉತ್ತರದ ಈ ಬೆಟ್ಟಗಳಲ್ಲಿ ಎಷ್ಟೋ ವರ್ಷ ಪೊಲೀಸರೆಂದರೆ ಗಾಂಜಾ ಗಿಡ ಕಡಿಯಲು ಬರುವವರು. ಹೆಲಿಕಾಪ್ಟರ್ ಸದ್ದು ಕೇಳಿದರೆ ಜನ ಒಲೆಯ ಮೇಲಿನ ಬೀನ್ಸ್ ಬಿಟ್ಟು ಕಾಡಿಗೆ ಓಡುತ್ತಿದ್ದರು. ಈಗ ಮನೆಗೆ ಆರು ಗಿಡ ಬೆಳೆಸಲು ಕಾನೂನೇ ಒಪ್ಪಿದೆ. ಆದರೂ ಠಾಣೆಯ ಮೆಟ್ಟಿಲು ಹತ್ತುವುದು ಇಲ್ಲಿನವರಿಗೆ ಇಂದಿಗೂ ಮರ್ಯಾದೆಗೇಡು. ಮೇವಿಸ್ ಹತ್ತಿ ಬಂದಿದ್ದಾಳೆಂದರೆ ಸಿಟ್ಟು ನೆತ್ತಿಗೇರಿತ್ತು ಎಂದೇ ಅರ್ಥ.

ಸಿಟ್ಟಿಗೆ ಕಾರಣವೂ ಇತ್ತು. ಇಲ್ಲಿ ಎಲ್ಲರೂ ಬೆಳೆಸುವುದು ಹೆಣ್ಣು ಗಿಡವನ್ನು ಮಾತ್ರ. ಗಂಡು ಹೂವಿನ ಪರಾಗ ತಾಗಿತೆಂದರೆ ಹೆಣ್ಣು ಗಿಡ ತನ್ನ ಸಾರವನ್ನೆಲ್ಲ ಬೀಜಕ್ಕೆ ಸುರಿಯುತ್ತದೆ, ಹೂವು ಕೆಲಸಕ್ಕೆ ಬಾರದಂತಾಗುತ್ತದೆ. ಸೊಂಟ ಮುರಿದುಕೊಂಡ ಮೇವಿಸ್ ಚಳಿಗಾಲದಲ್ಲಿ ನಿದ್ದೆ ಮಾಡುತ್ತಿದ್ದುದೇ ಆ ಹೂವಿನ ದಯೆಯಿಂದ.

"ಯಾವನೋ ಗಂಡು ಗಿಡ ಇಟ್ಕೊಂಡಿದ್ದಾನೆ. ಯಾರು ಅಂತ ಹುಡುಕು."

"ನಿಮ್ಮ ತೋಟ ಒಂದೇನಾ?"

"ಅರ್ಧ ಕಣಿವೆ ಬೀಜ ಕಟ್ಟಿದೆ ಕಣೇ. ಬಾಯಿ ಬಿಟ್ಟು ಹೇಳೋಕೆ ಆ ಗಂಡಸರಿಗೆ ಧೈರ್ಯ ಇಲ್ಲ."

ಮೇವಿಸ್ ಸಹಿ ಹಾಕಿ ಹೋದ ಮೇಲೆ ಡೆಪ್ಯುಟಿ ಅರ್ಲನ್ ನಗು ತಡೆಯಲಾರದೆ ಕೇಳಿದ: "ಗಾಳೀಲಿ ಬಂದ ಪರಾಗದ ಮೇಲೆ ಯಾವ ಕಲಂ ಹಾಕೋದು ಮೇಡಂ?"

"ಹಾಕೋಣ ಏನೋ ಒಂದು. ಗಾಡಿ ತೆಗಿ."

ನೆಲ್‌ಳ ತಲೆಯಲ್ಲಿ ಇದ್ದದ್ದು ಬೇರೆಯೇ ಪ್ರಕರಣ. ಎಫ್ರಾಯಿನ್ ಮಸೇದೊ, ಇಪ್ಪತ್ನಾಲ್ಕು ವರ್ಷ, ತೋಟದ ಕೆಲಸದವನು, ಜೂನ್ ತಿಂಗಳಿಂದ ಕಾಣೆ. ಸಮುದ್ರದಲ್ಲಿ ಏಡಿ ಹಿಡಿಯುವ ದೋಣಿಯಲ್ಲಿದ್ದ ಅವನ ಅಣ್ಣ ನಿಕಾನೋರ್ ದೂರು ಕೊಟ್ಟಿದ್ದ. ತಮ್ಮ ತನ್ನ ದೋಣಿಗೇ ಕೆಲಸಕ್ಕೆ ಬರುವವನಿದ್ದನಂತೆ, ಬರಲೇ ಇಲ್ಲ. ಪ್ರತಿ ಶನಿವಾರ ನಿಕಾನೋರನ ಫೋನು ಬರುತ್ತಿತ್ತು: "ಏನಾದ್ರೂ ಗೊತ್ತಾಯ್ತಾ ಮೇಡಂ?" ಇಲ್ಲ ಎಂದು ಹೇಳಿ ಹೇಳಿ ನೆಲ್‌ಗೆ ಶನಿವಾರ ಬಂದರೆ ಸಂಕಟವಾಗುತ್ತಿತ್ತು. ಕಣಿವೆಯ ಒಬ್ಬೊಬ್ಬರನ್ನೂ ಕೇಳಿದ್ದಳು. ನೋಡಿಲ್ಲ, ಗೊತ್ತಿಲ್ಲ. ಇನ್ನೊಬ್ಬರ ಬೇಲಿಯಾಚೆ ನೋಡದಿರುವುದು ಇಲ್ಲಿ ಸಭ್ಯತೆ. ಮನುಷ್ಯನ ವಿಷಯಕ್ಕೆ ಬಾಯಿ ಬಿಡದವರು ಗಿಡದ ವಿಷಯಕ್ಕಾದರೂ ಅಂಗಳದೊಳಗೆ ಬಿಟ್ಟುಕೊಂಡಾರು ಎಂದು ಅವಳ ಲೆಕ್ಕಾಚಾರ.

ಬಿಟ್ಟುಕೊಂಡರು. ಎರಡು ದಿನ ಮನೆ ಮನೆ ಸುತ್ತಿದರು. ಎಲ್ಲೆಲ್ಲೂ ಅದೇ ಬೈಗುಳ, ಅದೇ ಬೀಜ.

"ಯಾವಾಗ ಗಮನಿಸಿದ್ರಿ?"

"ಈಗ್ಗೆ ಒಂದ್ವಾರ."

"ಯಾರ ಮೇಲೆ ಅನುಮಾನ?"

"ನಾನು ಅನುಮಾನ ಪಡೋನಲ್ಲ. ಆದ್ರೆ ಅವನು ಸಿಕ್ಕಿದ್ರೆ ನನ್ನ ಕೈಗೆ ಕೊಡಿ."

ಮಧ್ಯಾಹ್ನದ ಹೊತ್ತು ಇಲ್ಲಿ ಗಾಳಿ ಬೀಸುವುದು ಸಮುದ್ರದ ಕಡೆಯಿಂದ, ಪಶ್ಚಿಮದಿಂದ ಪೂರ್ವಕ್ಕೆ. ಅರ್ಲನ್ ನಕ್ಷೆಯ ಮೇಲೆ ಬೀಜ ಕಟ್ಟಿದ ತೋಟಗಳಿಗೆ ಕೆಂಪು ಗುರುತು ಹಾಕುತ್ತ ಹೋದ. ಪಶ್ಚಿಮದ ತೋಟಗಳು ಸ್ವಚ್ಛ. ಪೂರ್ವದಲ್ಲೆಲ್ಲ ಕೆಂಪು. ಕೆಂಪು ಶುರುವಾದದ್ದು ಥರ್ಲೋ ಹ್ಯಾಸ್ಕಿನ್‌ನ ಮನೆಯಿಂದ.

ನೆಲ್ ನಕ್ಷೆಯ ಮೇಲೆ ಬಗ್ಗಿದಳು. ಎಫ್ರಾಯಿನ್ ಕೊನೆಯ ಬಾರಿ ಕೆಲಸಕ್ಕಿದ್ದದ್ದು ಅದೇ ಮನೆಯಲ್ಲಿ. ಜುಲೈಯಲ್ಲಿ ಅವಳೇ ಹೋಗಿ ಆ ಅಂಗಳದಲ್ಲಿ ನಿಂತು ಕೇಳಿದ್ದಳು. "ಹೋದ. ಹೇಳದೆ ಕೇಳದೆ ಹೋದ," ಎಂದಿದ್ದ ಥರ್ಲೋ. ಕಣಿವೆಗೇ ಕೃಷಿ ಕಲಿಸಿದ ಹಿರಿಯ, ಅವನ ಮಾತನ್ನು ಬರೆದುಕೊಂಡು ಬಂದುಬಿಟ್ಟಿದ್ದಳು.

ಸೆಪ್ಟೆಂಬರ್ ಇಪ್ಪತ್ತೊಂದು, ಮಧ್ಯಾಹ್ನ. ಥರ್ಲೋ ಮನೆಯ ಜಗಲಿಯಲ್ಲೇ ಕೂತಿದ್ದ. ಅರವತ್ತೈದರ ಮನುಷ್ಯ, ಆ ಬಿಸಿಲಿನಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ. ಅಂಗಳದಲ್ಲಿ ಆರು ಗಿಡ, ಕಾನೂನಿನ ಪ್ರಕಾರ. ಹಿಂದೆ ಮನೆಗೆ ಅಂಟಿಕೊಂಡ ಕಿಟಕಿಯಿಲ್ಲದ ದೊಡ್ಡ ಶೆಡ್ಡು. ಅದರ ಗೋಡೆಯಲ್ಲಿ ಗಾಳಿ ಹೊರದೂಡುವ ಫ್ಯಾನು ಕಿವಿ ಗುಂಯ್‌ಗುಡುವಂತೆ ತಿರುಗುತ್ತಿತ್ತು.

ನೆಲ್ ಗಿಡಗಳ ನಡುವೆ ನಡೆದಳು. ಹಳದಿ ಎಲೆ ಕೀಳುವವರಿಲ್ಲ, ಬಾಗಿದ ಕೊಂಬೆಗೆ ಆಸರೆ ಕಟ್ಟುವವರಿಲ್ಲ. ಒಂದು ಹೂವನ್ನು ಹಿಸುಕಿದಳು.

"ಥರ್ಲೋ, ನಿಮ್ಮವೂ ಬೀಜ ಕಟ್ಟಿವೆ."

"ಹೂಂ. ಗಾಳಿ."

"ಊರೆಲ್ಲ ಬಯ್ಯುತ್ತಿದೆ. ನೀವೊಬ್ರೇ ಸುಮ್ಮನಿದ್ದೀರಿ."

"ಬಯ್ದ್ರೆ ಬೀಜ ಉದುರುತ್ತಾ?"

"ಬನ್ನಿ, ಇದು ನೋಡಿ ಹೇಳಿ. ಪರಾಗ ಬಿದ್ದು ಎಷ್ಟು ದಿನ ಆಗಿರಬಹುದು?"

"ಇಲ್ಲಿಂದಾನೇ ಕಾಣುತ್ತೆ."

ನೆಲ್ ಟೊಂಗೆ ಮುರಿದು ಜಗಲಿಯ ಹತ್ತಿರ ಹಿಡಿದು ತಂದಳು. ಥರ್ಲೋ ಕುರ್ಚಿ ಬಿಟ್ಟು ಎದ್ದು ಗೋಡೆಗೆ ಆತುಕೊಂಡ. ಬೆವರಿದ ಕಾಲರಿನ ಮೇಲ್ಗಡೆ ಕತ್ತಿನಲ್ಲಿ ಕೆಂಪು ದದ್ದು ಎದ್ದಿತ್ತು, ಉಸಿರು ಸುಯ್ಯೆನ್ನುತ್ತಿತ್ತು.

"ಅದನ್ನ ಆಚೆ ಎಸಿ," ಎಂದ. ಬಹುವಚನ ಬಿಟ್ಟುಹೋಗಿತ್ತು.

ನೆಲ್ ಟೊಂಗೆಯನ್ನು ಎಸೆದು ಶೆಡ್ಡಿನ ಕಡೆ ನೋಡಿದಳು. ಫ್ಯಾನಿನ ಜಾಲರಿಯ ಮೇಲೆ, ಅದರ ಕೆಳಗಿನ ಹುಲ್ಲಿನ ಮೇಲೆ ಹಳದಿ ಹುಡಿ ಹಿಟ್ಟಿನಂತೆ ಕೂತಿತ್ತು. ಹೊರಗಿನ ಆರು ಗಿಡದ ಹತ್ತಿರ ಸುಳಿಯಲಾರದವನು ಒಳಗಿನ ತೋಟವನ್ನು ಹೇಗೆ ನೋಡಿಕೊಳ್ಳುತ್ತಾನೆ?

"ಒಳಗೆ ಗಿಡ ಇದಾವಾ?"

"ಇದ್ರೆ ದಂಡ ಹಾಕು."

"ಯಾರು ನೋಡ್ಕೋತಾರೆ?"

"ನಾನೇ."

"ಫ್ಯಾನ್ ಆರಿಸಿ. ಮಾತು ಕೇಳಿಸ್ತಿಲ್ಲ."

"ಸ್ವಿಚ್ಚು ಒಳಗಿದೆ."

"ಹೋಗಿ ಆರಿಸಿ ಬನ್ನಿ. ನಿಮ್ಮದೇ ಶೆಡ್ಡು ತಾನೇ?"

ಥರ್ಲೋ ಕದಲಲಿಲ್ಲ. ಕೈ ತಾನಾಗಿಯೇ ಗಂಟಲಿಗೆ ಹೋಯಿತು. ತನ್ನದೇ ಬಾಗಿಲಿನ ಮುಂದೆ, ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಹೋಗಲಾರದೆ ನಿಂತ.

"ಅರ್ಲನ್, ಕಂಬದ ಮೇನ್ ಸ್ವಿಚ್ ಎಳಿ."

"ವಾರಂಟು ಇಲ್ಲ ಮೇಡಂ."

"ಒಳಗೆ ಮನುಷ್ಯ ಇದ್ದರೆ ವಾರಂಟಿಗೆ ಕಾಯೋ ಹಾಗಿಲ್ಲ. ಇಲ್ಲದಿದ್ರೆ ನನ್ನ ಕೆಲಸ ಹೋಗುತ್ತೆ. ಎಳಿ."

ಫ್ಯಾನು ನಿಧಾನವಾಗಿ ನಿಂತಿತು. ಕಾಗೆ ಕೂಗಿದ್ದು ಕೇಳಿಸಿತು, ದೂರದ ಹಳ್ಳದ ನೀರೂ ಕೇಳಿಸಿತು. ಆಮೇಲೆ ಗೋಡೆಯೊಳಗಿನಿಂದ ಬಡಿತ. ಒಂದೇ ಸಮನೆ, ಎರಡು ಕೈಯಲ್ಲಿ ಬಡಿಯುವ ಸದ್ದು.

ಬೀಗ ಮುರಿದು ಎರಡು ಬಾಗಿಲು ದಾಟಿ ಹೋದರು. ಗಿಡಗಳ ನಡುವೆ ಒಂದು ಮಂಚ, ಸ್ಟವ್, ಮೂಲೆಯಲ್ಲಿ ಬಚ್ಚಲು, ಅದರ ಗೋಡೆಯಲ್ಲಿ ಕೈ ತೂರುವಷ್ಟು ಗಾಳಿಗೂಡು. ಊಟ ತಳ್ಳಲು ಗೋಡೆಯಲ್ಲಿ ತಟ್ಟೆ ಹಿಡಿಯುವಷ್ಟು ಕಿಂಡಿ. ಟಾರ್ಚಿನ ಬೆಳಕಿಗೆ ಮುಖ ಮುಚ್ಚಿಕೊಂಡವನು ಎಫ್ರಾಯಿನ್. ಗಡ್ಡ ಬೆಳೆದಿತ್ತು, ಚರ್ಮ ಬೆಳ್ಳುಳ್ಳಿ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಅಂಗಳಕ್ಕೆ ಬಂದವನೇ ಮಣ್ಣಿನ ಮೇಲೆ ಕೂತು, "ಅಣ್ಣನಿಗೆ ಹೇಳಿ," ಎಂದ. ನೆಲ್ ಅಲ್ಲಿಂದಲೇ ನಿಕಾನೋರನಿಗೆ ಫೋನ್ ಮಾಡಿ ಅವನ ಕೈಗೆ ಕೊಟ್ಟಳು. ಅವನು ಆ ಕಡೆಯವನು ಅಳುವುದನ್ನು ಕೇಳುತ್ತ ಕೂತ.

ಸ್ಥಳ ಮಹಜರು ಸಂಜೆಯವರೆಗೆ ನಡೆಯಿತು. ಒಳಗಿದ್ದ ಗಿಡಗಳೆಲ್ಲ ಹೆಣ್ಣು ಗಿಡಗಳೇ. ಆದರೆ ಒಂದೊಂದರ ಮೇಲೂ ಗಂಡು ಹೂವು. ನಡುವೆ, ಗಿಡಗಳ ಕಡೆ ಮುಖ ಮಾಡಿ, ಒಂದು ಟಿವಿ.

"ಬೇಜಾರಾಗದಿರಲಿ ಅಂತ ಅವನೇ ಕೊಟ್ಟಿದ್ದು," ಎಂದ ಎಫ್ರಾಯಿನ್ ಠಾಣೆಯಲ್ಲಿ, ಬಿಸಿ ಸೂಪಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ಹೂ ಬಿಡೋ ಗಿಡಕ್ಕೆ ಅರ್ಧ ದಿನ ಕಗ್ಗತ್ತಲು ಬೇಕು. ನಡುವೆ ಬೆಳಕು ಬಿದ್ರೆ ತಲೆ ಕೆಟ್ಟು ಹೆಣ್ಣೇ ಗಂಡು ಹೂ ಬಿಡುತ್ತೆ. ದೀಪ ಆರಿದಾಗೆಲ್ಲ ಟಿವಿ ಹಾಕ್ತಿದ್ದೆ. ಫ್ಯಾನಿನ ಸೋಸೋ ಬಟ್ಟೆ ಹರಿದು ಹಾಕಿದೆ. ಅವನು ಒಳಗೆ ಬರೋ ಹಾಗಿಲ್ವಲ್ಲ, ಕಾಣ್ಲಿಲ್ಲ."

"ಯಾಕೆ ಹಾಗೆ ಮಾಡಿದೆ?"

"ಮೊದಲು ಬಚ್ಚಲಿನ ಗೂಡಿಂದ ಕೈ ಹೊರಗೆ ಹಾಕಿ ಬೀಸಿದೆ. ದಾರೀಲಿ ಹೋಗೋರು ನೋಡಿದ್ರು, ಹೋದ್ರು. ಕೂಗಿದ್ರೆ ಫ್ಯಾನಿನ ಸದ್ದು. ಆಮೇಲೆ ಯೋಚಿಸಿದೆ. ಈ ಊರವರು ಮನುಷ್ಯನಿಗೆ ಏನಾದ್ರೂ ಆದ್ರೆ ಪೊಲೀಸ್ರನ್ನ ಕರೆಯಲ್ಲ. ಗಿಡಕ್ಕೆ ಆದ್ರೆ?"

ನೆಲ್ ಬರೆಯುತ್ತಿದ್ದ ಪೆನ್ನು ನಿಂತಿತು. ಜುಲೈಯ ಆ ದಿನ ಅವಳು ನಿಂತಿದ್ದ ಜಾಗಕ್ಕೂ ಅವನ ಮಂಚಕ್ಕೂ ನಡುವೆ ಇದ್ದದ್ದು ಒಂದು ಗೋಡೆ ಮತ್ತು ಫ್ಯಾನಿನ ಸದ್ದು ಅಷ್ಟೆ. ಅದನ್ನು ಅವನಿಗೆ ಹೇಳಿದಳು. ಅವನು ತಲೆಯಾಡಿಸಿ ಸೂಪು ಕುಡಿದ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಅಕ್ರಮವಾಗಿ ಕೂಡಿಹಾಕಿ ದುಡಿಸಿಕೊಂಡ ಆರೋಪದ ಮೇಲೆ ಥರ್ಲೋನನ್ನು ಬಂಧಿಸಲಾಯಿತು. ಅವನು ವಕೀಲರನ್ನು ಕೇಳಲಿಲ್ಲ.

"ಎಷ್ಟು ದಿನದಿಂದ ಈ ದದ್ದು?"

"ಎರಡು ವರ್ಷ. ಹರೆಯದಿಂದ ಇದೇ ಗಿಡದ ಮಧ್ಯೆ ಬದುಕಿದೆ. ಈಗ ಮುಟ್ಟಿದ್ರೆ ಮೈಯೆಲ್ಲ ಉರಿ. ಒಳಗೆ ಹೋದ್ರೆ ಗಂಟಲು ಕಟ್ಟುತ್ತೆ. ಡಾಕ್ಟ್ರು ಹೇಳಿದ್ರು, ಇನ್ನೊಂದ್ಸಲ ಆದ್ರೆ ಉಳಿಯಲ್ಲ ಅಂತ."

"ಬೇರೆ ಆಳನ್ನ ಕರೀಬಹುದಿತ್ತು."

"ಕರೆದ್ರೆ ಗೊತ್ತಾಗ್ತಿತ್ತು. ಥರ್ಲೋಗೆ ಗಿಡವೇ ಆಗಿಬರಲ್ಲ ಅಂತ ಕಣಿವೆಯೆಲ್ಲ ನಗ್ತಿತ್ತು. ಈ ಹುಡುಗನಿಗೊಬ್ಬನಿಗೆ ಗೊತ್ತಿತ್ತು. ಅವನೂ ದೋಣಿಗೆ ಹೋಗ್ತೀನಿ ಅಂದ."

"ಅದಕ್ಕೆ ಬೀಗ."

"ಒಂದು ಕೊಯ್ಲು ಮುಗೀಲಿ ಅಂದ್ಕೊಂಡೆ. ಒಂದು ವಾರ ಆದ್ಮೇಲೆ ಆ ಬೀಗ ತೆಗೆಯೋದು ಹೇಗೆ ಅಂತಾನೇ ಗೊತ್ತಾಗ್ಲಿಲ್ಲ." ಥರ್ಲೋ ಕೈ ಕೆರೆದುಕೊಂಡ. "ಹೊರಗಿನ ಗಿಡದಲ್ಲಿ ಬೀಜ ಕಂಡಾಗಲೇ ನಂಗೆ ತಿಳೀತು, ಒಳಗೆ ಏನೋ ಮಾಡಿದ್ದಾನೆ ಅಂತ. ಏನು ಮಾಡ್ಲಿ? ಒಳಗೆ ಹೋಗೋ ಹಾಗಿಲ್ಲ, ಅವನನ್ನ ಬಿಡೋ ಹಾಗಿಲ್ಲ. ಜಗಲೀಲಿ ಕೂತಿದ್ದೆ."

ಮಾರನೆಯ ದಿನ ಮೇವಿಸ್ ಕಾರ್ಮೊಡಿ ಮತ್ತೆ ಬಂದಳು.

"ಸಿಕ್ಕಿದ್ನಾ, ನನ್ನ ಗಿಡ ಹಾಳು ಮಾಡಿದೋನು?"

"ಸಿಕ್ಕ. ಕೂತ್ಕೊಳ್ಳಿ ಮೇವಿಸಮ್ಮ."

ನೆಲ್ ನಡೆದದ್ದನ್ನೆಲ್ಲ ಹೇಳಿದಳು. ಎಫ್ರಾಯಿನ್ ಹೇಳಿಕೆಯನ್ನು ಓದಿದಳು, ಬಚ್ಚಲಿನ ಗೂಡಿನ ಮಾತನ್ನೂ ಸೇರಿಸಿ. ಮುದುಕಿಯ ಮುಖದ ಸಿಟ್ಟು ಇಳಿಯುತ್ತ ಹೋಯಿತು. ಆ ಜಾಗದಲ್ಲಿ ಬಂದು ಕೂತದ್ದನ್ನು ನೆಲ್ ನೋಡಲಾರದೆ ಕಾಗದ ಜೋಡಿಸಿದಳು.

"ಕಾಗದದ ಪ್ರಕಾರ ನಿಮ್ಮ ದೂರು ಆ ಹುಡುಗನ ಮೇಲೇ ಬರುತ್ತೆ. ಇರಲಾ, ವಾಪಸ್ ತಗೋತೀರಾ?"

ಮೇವಿಸ್ ಕೋಲನ್ನು ಮೇಜಿಗೆ ಒರಗಿಸಿದಳು.

"ಜುಲೈಯಲ್ಲಿ ಬ್ಲಾಕ್‌ಬೆರಿ ಕೀಳೋಕೆ ಆ ದಾರೀಲಿ ಹೋಗಿದ್ದೆ," ಎಂದಳು. "ಆ ಗೋಡೆಯಿಂದ ಒಂದು ಕೈ ಆಚೆ ಬಂದಿತ್ತು. ಬೀಸ್ತಾ ಇತ್ತು."

"ನೀವೇನು ಮಾಡಿದ್ರಿ?"

"ನಾನೂ ಕೈ ಬೀಸಿದೆ, ನೆಲ್ಲಿ. ಬೀಸಿ ಮನೆಗೆ ಬಂದೆ."