ಹೊರಗೆ ಬಾರದ ಹಾಡು

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ನುಗ್ಗಿದವನು ರ‍್ಯಾಪ್ ಹಾಡುವ ಹುಡುಗ. ಊರಿನ ಪಡ್ಡೆಗಳು ಅವನನ್ನು ಕರೆಯುವುದು 'ಸಿಡಿಲು' ಎಂದೇ. ಹಿಂದಿನ ದಿನ ಅವನ ರೆಕಾರ್ಡಿಂಗ್ ರೂಮಿನಿಂದ ಹಾರ್ಡ್ ಡಿಸ್ಕ್ ಕಳುವಾಗಿತ್ತು. ಇನ್ನೂ ಬಿಡುಗಡೆಯಾಗದ ಹಾಡು ಅದರಲ್ಲಿತ್ತು.

"ಯಾರ ಮೇಲೆ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ಇನ್ಯಾರು ಸಾರ್, ಮುಳ್ಳು ಅಂತ ಒಬ್ಬ ಇದಾನಲ್ಲ, ಅವನೂ ರ‍್ಯಾಪ್ ಹಾಡೋನೇ. ವರ್ಷದಿಂದ ಅವನಿಗೂ ನನಗೂ ಹಾಡಲ್ಲೇ ಜಗಳ. ಅಕ್ಕನ ಮಡಿಲಲ್ಲಿ ಬೆಚ್ಚಗೆ ಬೆಳೆದೋನಿಗೆ ಕಷ್ಟ ಏನು ಗೊತ್ತು ಅಂತ ಹಾಡಿದ್ದ. ಈ ಹಾಡಲ್ಲಿ ಸರಿಯಾಗಿ ಕೊಟ್ಟಿದ್ದೆ."

"ಏನು ಕೊಟ್ಟಿದ್ದೆ?"

"ಬಿಟ್ಟಮೇಲೆ ಕೇಳಿ ಸಾರ್."

ಅದರಲ್ಲಿ ಮುಳ್ಳುವಿನ ತಾಯಿಯ ಬಗ್ಗೆ ಹೊಲಸು ಮಾತಿದೆಯಂತೆ ಎಂಬ ಗಾಳಿಸುದ್ದಿ ಊರೆಲ್ಲ ಹಬ್ಬಿತ್ತು. ಹಾಡು ಕೇಳಿದವರು ಯಾರೂ ಇರಲಿಲ್ಲ, ಅದರ ಬಗ್ಗೆ ಮಾತಾಡದವರೂ ಇರಲಿಲ್ಲ. ಸುದ್ದಿ ಇನ್ಸ್‌ಪೆಕ್ಟರ್ ಕಿವಿಗೂ ಬಿದ್ದಿತ್ತು.

ಎಫ್‌ಐಆರ್ ದಾಖಲಾಯಿತು. ಒಂದು ಅಂಗಡಿಯ ಮೇಲಿದ್ದ ಆ ಪುಟ್ಟ ರೆಕಾರ್ಡಿಂಗ್ ರೂಮಿನಲ್ಲಿ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ದನಿ ಹೊರಗೆ ಹೋಗದಂತೆ ಗೋಡೆಗೆ ಹಳೇ ರಜಾಯಿಗಳನ್ನು ಬಡಿದಿದ್ದರು. "ರಜಾಯಿ ಎಲ್ಲೂ ಹರಿದಿಲ್ಲ, ಬರ್ಕೊಳಮ್ಮ," ಎಂದು ಮಹಿಳಾ ಕಾನ್ಸ್‌ಟೇಬಲ್‌ಗೆ ಹೇಳಿ ಇನ್ಸ್‌ಪೆಕ್ಟರ್ ಇಳಿದುಬಂದರು.

ಮುಳ್ಳುವನ್ನು ಅವನ ತಾಯಿಯ ಕಣ್ಣೆದುರೇ ಎಳೆದು ತಂದರು.

"ಡಿಸ್ಕ್ ಎಲ್ಲೋ?"

"ನಂಗೊತ್ತಿಲ್ಲ ಸಾರ್. ನಿನ್ನೆ ಪೂರ್ತಿ ಪಕ್ಕದ ಊರಲ್ಲಿ ಕಾರ್ಯಕ್ರಮ ಇತ್ತು."

"ತಾಯಿ ಮರ್ಯಾದೆ ಹೋಗತ್ತೆ ಅಂತ ಕದ್ದೆ, ಅಲ್ವಾ?"

"ಹಂಗಂತ ಯಾರು ಹೇಳಿದ್ದು ಸಾರ್?"

ಎಲ್ಲರೂ ಹೇಳಿದ್ದರು. ಇನ್ಸ್‌ಪೆಕ್ಟರ್ ಕೈ ಬೀಸಿದರು. ಹುಡುಗನ ಕೆನ್ನೆಯ ಮೇಲೆ ಐದೂ ಬೆರಳು ಮೂಡಿದವು.

ಮಧ್ಯಾಹ್ನ ಕಾನ್ಸ್‌ಟೇಬಲ್ ವಿಚಾರಿಸಿಕೊಂಡು ಬಂದಳು. ಕಾರ್ಯಕ್ರಮ ನಡೆದದ್ದು ನಿಜ. ಇನ್ಸ್‌ಪೆಕ್ಟರಿಗೆ ತಲೆ ಎತ್ತಲಾಗಲಿಲ್ಲ.

"ಮನೆಗೆ ಹೋಗಪ್ಪ."

"ಅಮ್ಮಂಗೆ ಏನು ಹೇಳ್ಲಿ ಸಾರ್?"

ಇನ್ಸ್‌ಪೆಕ್ಟರ್ ಕೇಸಿನ ಕಡತ ಎಳೆದುಕೊಂಡರು.

ತಪ್ಪೆಲ್ಲಾಯಿತೆಂದು ಮೊದಲಿನಿಂದ ನೋಡುತ್ತ ಬಂದರು. ಸಿಡಿಲು ಭಾನುವಾರ ಅದೇ ರೂಮಿನಲ್ಲಿ ನಿಂತು ಮುಳ್ಳುವಿಗೆ ಸವಾಲು ಹಾಕಿದ ವಿಡಿಯೋ ಇತ್ತು. ಅವನ ಬೆನ್ನ ಹಿಂದೆ ರಜಾಯಿ ಬಾಯ್ಬಿಟ್ಟು ಹತ್ತಿ ಜೋತಾಡುತ್ತಿತ್ತು. ಅವನನ್ನು ಕರೆಸಿ ವಿಡಿಯೋ ತೋರಿಸಿದರು.

"ಇದನ್ನ ಹೊಲಿಸಿದ್ದು ಯಾವಾಗಯ್ಯಾ?"

"ಹೊಲಿಸಿಲ್ಲ ಸಾರ್. ಮೈಕ್ ಸ್ಟ್ಯಾಂಡ್ ತಾಗಿ ಹರೀತು. ಹಂಗೇ ಇದೆ."

ರೂಮಿಗೆ ಕರೆದೊಯ್ದು ತೋರಿಸಿದರು. ಒತ್ತೊತ್ತಾಗಿ ಬಿದ್ದ ಸಣ್ಣ ಹೊಲಿಗೆ. ಹುಡುಗ ಅದರ ಮೇಲೆ ಬೆರಳಾಡಿಸಿದ, ಮುಖ ಬಿಳುಚಿತು. "ಅಕ್ಕ..." ಎಂದವನು ಉಳಿದದ್ದನ್ನು ನುಂಗಿಕೊಂಡ.

ಅಕ್ಕ ಬಟ್ಟೆ ರಿಪೇರಿ ಅಂಗಡಿಯಲ್ಲಿ ಮಿಷನ್ ತುಳಿಯುತ್ತಿದ್ದಳು. ಪೊಲೀಸರನ್ನು ಕಂಡು ಕಾಲು ನಿಲ್ಲಿಸಿದಳು.

"ನಾನೇ ಸಾರ್. ಕೀ ಬಾಗಿಲ ಮೇಲೇ ಇಡ್ತಾನೆ."

"ಕದಿಯೋಕೆ ಹೋದವಳು ರಜಾಯಿ ಯಾಕಮ್ಮ ಹೊಲಿದೆ?"

"ಹರಿದಿತ್ತಲ್ಲ ಸಾರ್."

ಚಿಂದಿ ಚೀಲದೊಳಗಿಂದ ಡಿಸ್ಕ್ ತೆಗೆದುಕೊಟ್ಟಳು.

"ಒಡೆದು ಹಾಕಲಿಲ್ಲ ಯಾಕೆ?"

"ಅವನ ಹಾಡೆಲ್ಲ ಅದರಲ್ಲೇ ಇದೆ. ಒಂದನ್ನೇ ಅಳಿಸೋದು ನಂಗೆ ಗೊತ್ತಾಗ್ಲಿಲ್ಲ."

ಪಂಚನಾಗಿ ನಿಂತಿದ್ದ ಪಕ್ಕದ ಅಂಗಡಿಯವನು ಕತ್ತು ಚಾಚಿದ. "ಅದೇ ಡಿಸ್ಕ್ ಹೌದೋ ಅಲ್ವೋ, ಒಂಚೂರು ಹಾಡು ಹಾಕಿ ನೋಡ್ಬೇಕಲ್ವಾ ಸಾರ್?"

ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಡಿಸ್ಕ್ ಮೇಲೆ ನಂಬರ್ ಇದೆ, ಅಷ್ಟು ಸಾಕು. ನಿನ್ನ ಕಿವಿ ತುರಿಕೆಗೆ ಪಂಚನಾಮೆ ಮಾಡ್ತಿಲ್ಲ," ಎಂದು ಇನ್ಸ್‌ಪೆಕ್ಟರ್ ಗದರಿ ಅಲ್ಲೇ ಸೀಲ್ ಹಾಕಿಸಿದರು.

ಠಾಣೆಯಲ್ಲಿ ಸಿಡಿಲು ಕೈಮುಗಿದ. "ದೂರು ವಾಪಸ್ ತಗೋತೀನಿ ಸಾರ್."

"ಎಫ್‌ಐಆರ್ ಅಂದ್ರೆ ನಿನ್ನ ವಿಡಿಯೋನಾ, ಬೇಕಾದಾಗ ಹಾಕಿ ಬೇಡವಾದಾಗ ತೆಗೆಯೋಕೆ? ಕೋರ್ಟಲ್ಲಿ ಹೇಳ್ಕೋ."

ಬಂಧನ ದಾಖಲಾಯಿತು. ಅಕ್ಕ ಮೆಲ್ಲಗೆ ಹೇಳಿದಳು: "ಅಮ್ಮ ಸತ್ತಾಗ ಇವನು ಕಂಕುಳ ಕೂಸು. ಎತ್ಕೊಂಡು ಸಿಗ್ನಲ್ ಹತ್ರ ಭಿಕ್ಷೆ ಬೇಡ್ದೆ ಸಾರ್. ನನ್ನ ಮಗಳಿಗೂ ಗೊತ್ತಿಲ್ಲ. ಅದನ್ನೇ ಹಾಡು ಮಾಡಿ, ನಂಗೆ ಖುಷಿ ಆಗತ್ತೆ ಅಂದ್ಕೊಂಡು ಕೇಳಿಸ್ದ. ಬೇಡ ಕಣೋ ಅಂದೆ. ಇದೇ ನಮ್ಮ ಹೆಮ್ಮೆ ಅಕ್ಕ ಅಂದ."

"ಅಕ್ಕಾ, ನನ್ನ ಕಡೆ ನೋಡು," ಎಂದ ಸಿಡಿಲು.

ಅವಳು ನೋಡಲಿಲ್ಲ.

"ಸಾರ್, ಮಗಳು ಬಂದು ಕೇಳಿದ್ರೆ ನಿಮ್ಮಮ್ಮ ಕಳ್ಳತನ ಮಾಡಿದ್ಲು ಅಂತ ಹೇಳಿ. ಅಷ್ಟೇ ಹೇಳಿ."

ಕೃತ್ಯಕ್ಕೆ ಕಾರಣ ಏನೆಂದು ಬರೆಯಲಿ ಎಂದು ಕಾನ್ಸ್‌ಟೇಬಲ್ ಕೇಳಿದಳು. ಇನ್ಸ್‌ಪೆಕ್ಟರ್ "ಒಡಹುಟ್ಟಿದವರ ಮನಸ್ತಾಪ, ಅಷ್ಟೇ ಬರ್ಕೊಳಮ್ಮ," ಎಂದರು.