ಹಿಂಬಾಗಿಲು ತೆರೆದವಳು

"ನನ್ನ ಕಂಪ್ಯೂಟರ್ ಒಳಗೆ ಇನ್ಯಾರೋ ಇದ್ದಾರೆ" ಎಂದು ಚುಕ್ಕಿ ಎರಡು ತಿಂಗಳಿಂದ ಹೇಳುತ್ತಲೇ ಇದ್ದಳು. ಬ್ರೈಲ್ ಮುದ್ರಣಾಲಯದಲ್ಲಿ ಅದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕೊನೆಗೆ ಅವಳ ಕಾಟ ತಡೆಯಲಾರದೆ ಮ್ಯಾನೇಜರ್ ಮೇಡಂ ರಿಪೇರಿಯವನನ್ನು ಕರೆಸಿದರು.

ಅವನು ಬಂದವನೇ ಮೇಡಂ ಕಡೆ ತಿರುಗಿ, "ಇವರಿಗೆ ಏನು ತೊಂದರೆಯಂತೆ?" ಎಂದ.

"ಇವರಿಗೆ ಕಣ್ಣು ಕಾಣಲ್ಲ, ಮಾತು ಬರುತ್ತೆ. ಇವರನ್ನೇ ಕೇಳಬಹುದು" ಎಂದಳು ಚುಕ್ಕಿ.

ಅವನು ಕುರ್ಚಿ ಎಳೆದು ಕೂತು, ಮೆಲ್ಲಗೆ "ತಪ್ಪಾಯ್ತು" ಎಂದ. ಚುಕ್ಕಿಯ ಮುಖದ ಗಂಟು ಮಾತ್ರ ಸಡಿಲವಾಗಲಿಲ್ಲ.

ಹುಟ್ಟಿನಿಂದ ಕಣ್ಣಿಲ್ಲದ ಅವಳಿಗೆ ಚುಕ್ಕಿ ಎಂಬ ಹೆಸರಿಟ್ಟವಳು ಅಕ್ಕ. ತಾನು ಪುಸ್ತಕದ ಒಂದು ಪುಟ ಮುಗಿಸುವಷ್ಟರಲ್ಲಿ ತಂಗಿ ಬೆರಳಿನಿಂದ ಬ್ರೈಲ್ ಚುಕ್ಕಿಗಳನ್ನು ಸವರುತ್ತ ಎರಡು ಪುಟ ದಾಟಿರುತ್ತಿದ್ದಳು ಎಂಬ ಹೊಟ್ಟೆಕಿಚ್ಚಿಗೆ ಇಟ್ಟ ಹೆಸರು. ಈಗ ಚುಕ್ಕಿ ಆ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಹನ್ನೊಂದು ತಿಂಗಳು ತಿದ್ದಿದ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕ ಅವಳ ಕಂಪ್ಯೂಟರಿನಲ್ಲಿತ್ತು. ತಿಂಗಳ ಕೊನೆಗೆ ಅದು ಅಚ್ಚಿಗೆ ಹೋಗಬೇಕಿತ್ತು.

"ಅರ್ಧ ಗಂಟೆಗೊಂದು ಸಲ ಯಾವುದೋ ವಿಂಡೋ ತೆರೆದು ಮುಚ್ಚುತ್ತೆ" ಎಂದಳು. "ನಾನು ಕೀಲಿ ಮುಟ್ಟಿರಲ್ಲ. ಪರದೆ ಮೇಲಿರೋದನ್ನ ನನಗೆ ಓದಿ ಹೇಳೋ ಸಾಫ್ಟ್‌ವೇರ್ ಅದರ ಹೆಸರು ಹೇಳೋಕೆ ಬಾಯಿ ತೆಗೆದು ಅರ್ಧಕ್ಕೇ ನಿಲ್ಲಿಸುತ್ತೆ. ನೀವು ರೆಪ್ಪೆ ಹೊಡೆಯೋದರೊಳಗೆ ಮುಗಿದಿರುತ್ತೆ. ಅದಕ್ಕೇ ಇಲ್ಲಿ ಕಣ್ಣಿರೋ ಯಾರಿಗೂ ಅದು ಕಂಡಿಲ್ಲ."

ಅವನು ನೆಟ್‌ವರ್ಕ್ ಕೇಬಲ್ ಕಿತ್ತ ಟಕ್ ಎಂಬ ಸದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಕೀಲಿಗಳ ಸದ್ದಷ್ಟೇ.

"ನೀವು ಹೇಳಿದ್ದು ನಿಜ" ಎಂದ ಕೊನೆಗೆ. "ಬ್ಯಾಕ್‌ಡೋರ್ ಇದೆ. ನೀವು ಪಾಸ್‌ವರ್ಡ್ ಹಾಕಿ ಮುಂಬಾಗಿಲು ಕಾಯ್ತಾ ಕೂತಿದ್ದೀರಿ, ಇದು ಹಿಂಬಾಗಿಲು ತೆಗೆದು ಎಲ್ಲೋ ಇರೋ ಯಾರನ್ನೋ ಒಳಗೆ ಬಿಡ್ತಾ ಇದೆ. ಅವನು ಇಲ್ಲೇ ಕೂತವನ ಹಾಗೆ ನಿಮ್ಮ ಫೈಲು ತೆಗೀಬಹುದು, ಅಳಿಸಬಹುದು. ಆಂಟಿವೈರಸ್ಸನ್ನೂ ಆರಿಸಿಟ್ಟಿದ್ದಾನೆ."

"ಒಳಗೆ ಹೇಗೆ ಬಂತು?"

"ಯಾವುದಾದರೂ ಒಳ್ಳೆ ಸಾಫ್ಟ್‌ವೇರ್ ವೇಷದಲ್ಲಿ ಬಂದಿರುತ್ತೆ. ತಾರೀಖು ನೋಡ್ತೀನಿ." ಒಂದೆರಡು ಕೀಲಿ ಒತ್ತಿ ಹೇಳಿದ, "ನಿಮಗೆ ಓದಿ ಹೇಳ್ತಾ ಇದೆಯಲ್ಲ, ಅದು ಬಂದ ದಿನವೇ ಇದೂ ಬಂದಿದೆ. ಅದು ದುಡ್ಡು ಕೊಡದ ಕಳ್ಳ ಪ್ರತಿ."

ಚುಕ್ಕಿಗೆ ಆ ದಿನ ನೆನಪಾಯಿತು. ಹಳೆಯ ಸಾಫ್ಟ್‌ವೇರ್ ಮಾತುಮಾತಿಗೆ ನಿಲ್ಲುತ್ತಿತ್ತು. ಹೊಸದಕ್ಕೆ ಕೊಟ್ಟ ಅರ್ಜಿಗೆ ಉತ್ತರ ಬಂದಿರಲಿಲ್ಲ. ಯಾರೋ ಕಳಿಸಿದ ಲಿಂಕ್ ಒತ್ತಿ, ಆಂಟಿವೈರಸ್ ತಕರಾರು ಮಾಡಿದಾಗ ಅದರ ಬಾಯಿ ಮುಚ್ಚಿಸಿ, ಒಳಗೆ ಬಿಟ್ಟುಕೊಂಡವಳು ಅವಳೇ. ಅದೇ ಪೆನ್‌ಡ್ರೈವ್‌ನಿಂದ ಉಳಿದ ನಾಲ್ಕು ಕಂಪ್ಯೂಟರಿಗೂ ಹಾಕಿಕೊಟ್ಟಿದ್ದಳು.

ಅವನಿಗೆ ಅವಳ ಮುಖದಲ್ಲೇ ಎಲ್ಲ ತಿಳಿಯಿತೇನೋ. ದನಿ ತಗ್ಗಿಸಿದ. "ಎಲ್ಲಿಂದ ಬಂತು ಗೊತ್ತಾಗಲಿಲ್ಲ ಅಂತ ಬರೆದುಬಿಡ್ತೀನಿ. ಯಾರಿಗೂ ತಿಳಿಯಲ್ಲ."

"ಬರೀಬೇಡಿ" ಎಂದಳು ಚುಕ್ಕಿ. "ನೀವು ಹಾಗೆ ಬರೆದರೆ ಉಳಿದ ನಾಲ್ಕನ್ನ ಯಾರು ನೋಡ್ತಾರೆ? ನನ್ನ ಮೇಲೆ ಕನಿಕರ ಮಾಡಬೇಡಿ, ನನಗೆ ಅದರ ಅಭ್ಯಾಸ ಇಲ್ಲ."

ಎದ್ದು ನೇರ ಮೇಡಂ ಕೋಣೆಗೆ ಹೋಗಿ, ತಾನು ಮಾಡಿದ್ದನ್ನು ಒಂದೂ ಬಿಡದೆ ಹೇಳಿದಳು. ಮೇಡಂ ಬೈದರು, ಬೈಯುವಷ್ಟೂ ಬೈದರು. "ಪುಸ್ತಕ ಉಳಿಸು, ಆಮೇಲೆ ಮಾತಾಡೋಣ" ಎಂದು ಮುಗಿಸಿದರು.

ಅವಳು ವಾಪಸ್ ಬಂದಾಗ ರಿಪೇರಿಯವನು ಕೂತಲ್ಲೇ ಕೂತಿದ್ದ. "ಕನಿಕರ ಅಲ್ಲ" ಎಂದ. "ನೀವು ಬೈಸಿಕೊಳ್ಳೋದು ನನಗೆ ಬೇಡವಾಗಿತ್ತು."

ಬಾಯಿಗೆ ಬಂದಿದ್ದ ಉತ್ತರವನ್ನು ಚುಕ್ಕಿ ಮೊದಲ ಸಲ ನುಂಗಿಕೊಂಡಳು.

ಕಳ್ಳ ಪ್ರತಿಯನ್ನು ತೆಗೆದ ಮೇಲೆ ಅವಳ ಕಂಪ್ಯೂಟರ್ ಮೂಕವಾಯಿತು. ಪರದೆಯ ಮೇಲಿನದನ್ನೆಲ್ಲ ಅವನೇ ಓದಿ ಹೇಳಬೇಕಾಯಿತು. ಬೇರೆ ಕಡೆ ಸಿದ್ಧಪಡಿಸಿ ತಂದ ಪೆನ್‌ಡ್ರೈವ್‌ನಿಂದ ಯಂತ್ರ ಶುರುಮಾಡಿ ಇಡೀ ಡಿಸ್ಕನ್ನು ಜಾಲಾಡಿದ. ಸಿಕ್ಕಿದ್ದನ್ನೆಲ್ಲ ಅಳಿಸಿದ. ಯಾರದೋ ಹೆಸರಿನಲ್ಲಿ ಹುಟ್ಟಿಕೊಂಡಿದ್ದ ಬಳಕೆದಾರನ ಖಾತೆಯನ್ನೂ ತೆಗೆದ. ಆಮೇಲೆ ಇಬ್ಬರೂ ಅರ್ಧ ಗಂಟೆ ಕಾದರು.

"ಬಂತು" ಎಂದ. "ಈಗ ನನಗೂ ಕಂಡಿತು. ಇನ್ನೆಲ್ಲೋ ಬಚ್ಚಿಟ್ಟುಕೊಂಡಿದೆ. ಹೀಗೆ ಒಂದೊಂದೇ ಹುಡುಕ್ತಾ ಕೂತರೆ ನಂಬೋ ಹಾಗಿಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು."

"ನನ್ನ ಪುಸ್ತಕ?"

"ಪಠ್ಯದ ಫೈಲುಗಳನ್ನ ಮಾತ್ರ ಪರೀಕ್ಷೆ ಮಾಡಿ ಎತ್ತಿಡ್ತೀನಿ. ಒಂದು ಪ್ರೋಗ್ರಾಮನ್ನೂ ಮುಟ್ಟಲ್ಲ."

"ಒಳಗೆ ಓಡಾಡಿದವನು ಅದರಲ್ಲಿ ಒಂದು ಅಂಕಿ ಬದಲಾಯಿಸಿದ್ದರೂ ಮಕ್ಕಳು ತಪ್ಪು ಕಲೀತಾರೆ" ಎಂದಳು ಚುಕ್ಕಿ. "ತಿದ್ದಿದ ಬ್ರೈಲ್ ಹಾಳೆಗಳು ನನ್ನ ಹತ್ತಿರ ಇವೆ. ನೀವು ಓದಿ, ನಾನು ಬೆರಳಲ್ಲಿ ತಾಳೆ ನೋಡ್ತೀನಿ. ಇನ್ನೂರ ಹದಿನಾಲ್ಕು ಫೈಲು."

ಬಾಗಿಲ ಬಳಿ ಬಂದು ನಿಂತಿದ್ದ ಮೇಡಂ ನಕ್ಕರು. "ಅದು ರಿಪೇರಿಯವರ ಕೆಲಸ ಅಲ್ಲ ಚುಕ್ಕಿ."

"ಅಲ್ಲ" ಎಂದ ಅವನು. "ಎಲ್ಲಿಂದ ಶುರು ಮಾಡೋಣ?"

ಹನ್ನೆರಡು ದಿನ. ಬೆಳಿಗ್ಗೆ ಉಳಿದ ನಾಲ್ಕು ಯಂತ್ರಗಳನ್ನು ಅಳಿಸಿ ಕಟ್ಟುವುದು, ಮಧ್ಯಾಹ್ನದಿಂದ ಓದುವುದು. ಮೊದಲ ದಿನ ಅವನು ಅಲ್ಪವಿರಾಮಗಳನ್ನು ನುಂಗುತ್ತಿದ್ದ, ಅವಳು ಮೇಜು ಕುಟ್ಟುತ್ತಿದ್ದಳು. ಮೂರನೆಯ ದಿನಕ್ಕೆ ಅವನ ದನಿ ಅವಳ ಬೆರಳಿನ ನಡಿಗೆಗೆ ಹೊಂದಿಕೊಂಡಿತು. ಅವನು ಉಸಿರು ತೆಗೆದುಕೊಳ್ಳಲು ನಿಂತರೆ ಅವಳ ಬೆರಳೂ ನಿಲ್ಲುತ್ತಿತ್ತು. ಹಾಳೆ ಮಗುಚುವಾಗ ಒಮ್ಮೆ ಕೈಗೆ ಕೈ ತಾಗಿತು. ಇಬ್ಬರೂ ಆ ಸಾಲನ್ನು ಮತ್ತೆ ಮೊದಲಿನಿಂದ ಓದಬೇಕಾಯಿತು.

"ಬೆಳಕಿನ ಪಾಠ ಬಂದ ಕೂಡಲೇ ಯಾಕೆ ದನಿ ಇಳಿಸಿದ್ರಿ?" ಎಂದು ಕೇಳಿದಳು ಒಂದು ಮಧ್ಯಾಹ್ನ.

"ಇಲ್ಲವಲ್ಲ."

"ಇಳಿಸಿದ್ರಿ. ಬೆಳಕು ಕನ್ನಡಿಗೆ ಬಿದ್ದು ಯಾವ ಕೋನದಲ್ಲಿ ವಾಪಸ್ ಬರುತ್ತೆ ಅಂತ ನಿಮಗಿಂತ ನನಗೇ ಚೆನ್ನಾಗಿ ಗೊತ್ತು. ಜೋರಾಗಿ ಓದಿ."

ಜೋರಾಗಿಯೇ ಓದಿದ. ಪಕ್ಕದ ಕೋಣೆಯಿಂದ ಮೇಡಂ ಕೆಮ್ಮಿದರು.

ಮೂರು ಕಡೆ ಅಂಕಿಗಳು ತಪ್ಪಿದ್ದವು, ಬ್ರೈಲ್ ಹಾಳೆಯಲ್ಲೂ ಅದೇ ತಪ್ಪಿತ್ತು. ಅದು ಒಳಗೆ ನುಗ್ಗಿದವನ ಕೆಲಸವಲ್ಲ, ತಾನೇ ಹಿಂದೆ ಗಮನಿಸದೆ ಬಿಟ್ಟಿದ್ದು ಎಂದು ಚುಕ್ಕಿ ಒಪ್ಪಿಕೊಂಡು ತಿದ್ದಿಸಿದಳು. ಕೊನೆಯ ಫೈಲು ಮುಗಿದ ದಿನ ಅವಳ ಯಂತ್ರವನ್ನೂ ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿದ. ಸಿಸ್ಟಮ್ ಅಪ್‌ಡೇಟ್ ಮಾಡಿ, ಉಚಿತವಾಗಿಯೇ ಸಿಗುವ ಓದುವ ಸಾಫ್ಟ್‌ವೇರನ್ನು ಅದರ ಸ್ವಂತ ತಾಣದಿಂದಲೇ ಇಳಿಸಿ ಹಾಕಿದ. ಪಾಸ್‌ವರ್ಡುಗಳನ್ನೆಲ್ಲ ತನ್ನ ಫೋನಿನಿಂದ ಅವಳೇ ಬದಲಾಯಿಸಿದಳು. ಕೇಬಲ್ ಸಿಕ್ಕಿಸಿ ಕಾದರು. ಅರ್ಧ ಗಂಟೆ ಕಳೆಯಿತು. ಒಂದು ಗಂಟೆ. ಒಂದು ಮಧ್ಯಾಹ್ನವೇ ಕಳೆಯಿತು. ಯಾವ ವಿಂಡೋವೂ ತೆರೆಯಲಿಲ್ಲ, ಯಂತ್ರ ಹೊರಗಿನ ಯಾರನ್ನೂ ಸಂಪರ್ಕಿಸಲಿಲ್ಲ.

ಅಚ್ಚಿನ ಯಂತ್ರ ಶುರುವಾದಾಗ ಅವನು ಚೀಲ ಕಟ್ಟುತ್ತಿದ್ದ. ಜಿಪ್ಪು ಎಳೆಯುವುದಕ್ಕೆ ಇಷ್ಟು ಹೊತ್ತು ಬೇಕೇ ಎಂದು ಚುಕ್ಕಿ ಕಾದಳು.

"ಮನೆಯಲ್ಲಿ ಕೇಳ್ತಿರಲಿಲ್ವಾ, ದಿನಾ ಇಲ್ಲಿಗೇ ಯಾಕೆ ಬರ್ತೀರಿ ಅಂತ?" ಎಂದಳು.

"ಅಮ್ಮ ಕೇಳಿದ್ರು. ಒಬ್ಬರ ಹತ್ತಿರ ದಿನಾ ಬೈಸಿಕೊಂಡು ಬರ್ತಿದೀನಿ ಅಂದೆ."

"ಅಮ್ಮ ಏನಂದ್ರು?"

"ಮದುವೆ ಆಗೋ ಹುಡುಗಿನಾ ಅಂದ್ರು."

"ನೀವು?"

"ಕೇಳಿ ಹೇಳ್ತೀನಿ ಅಂದೆ."

"ಕೇಳಿ ಹಾಗಾದ್ರೆ."

ಇನ್ನೂರ ಹದಿನಾಲ್ಕು ಫೈಲುಗಳನ್ನು ಓದಿದವನ ನಾಲಿಗೆ ತೊದಲಿತು. ಅವಳು ನೆರವಿಗೆ ಹೋಗಲಿಲ್ಲ. ಅವನು ಎರಡು ಸಲ ಶುರುಮಾಡಿ ನಿಲ್ಲಿಸಿ, ಮೂರನೆಯ ಸಲ ಕೇಳಿಯೇ ಬಿಟ್ಟ.

"ಇದನ್ನೇ ಭಾನುವಾರ ನಮ್ಮಕ್ಕನ ಮುಂದೆ ಇನ್ನೊಂದು ಸಲ ಕೇಳಬೇಕು" ಎಂದಳು ಚುಕ್ಕಿ. "ಅಮ್ಮನನ್ನೂ ಕರ್ಕೊಂಡು ಬನ್ನಿ."

"ಮತ್ತೆ ನಿಮ್ಮ ಉತ್ತರ?"

"ಬೇಡ ಅನ್ನೋದಾದ್ರೆ ನಾನು ಮನೆ ವಿಳಾಸ ಕೊಡ್ತೀನಾ? ಬರ್ಕೊಳ್ಳಿ."

ಅವನು ಕಟ್ಟಿದ ಚೀಲವನ್ನೆಲ್ಲ ಬಿಚ್ಚಿ ಪೆನ್ನು ಹುಡುಕತೊಡಗಿದ.